ಕೆಲಸ, ಸಂಬಳ, ಹೆಂಗಸರು: ಕಾಸರಗೋಡಿನಲ್ಲಿ ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಉಪ್ಪಳ, ಮಂಜೇಶ್ವರ. ಈ ಕಡೆಯ ಗ್ರಂಥಾಲಯಗಳಿಗೆ, ಕುಟುಂಬಶ್ರೀ (ಕೇರಳದ ಹೆಂಗಸರ ಸ್ವಸಹಾಯ ಸಂಘ) ಸಭೆಗಳಿಗೆ, ಕಾಲೇಜುಗಳಿಗೆ ಹೆಂಗಸರ ಕೆಲಸದ ಬಗ್ಗೆ ಮಾತಾಡಲು ಹೋಗುತ್ತಿರುತ್ತೇನೆ. ಮೊದಲು ಸರ್ವೆ ಕೆಲಸದಲ್ಲಿ ಮನೆ ಮನೆ ಸುತ್ತಿದವಳು ನಾನು. ಆಮೇಲೆ ಪಾಠ ಮಾಡಿದೆ. ಹಾಗಾಗಿ ಎಲ್ಲರಿಗೂ ನಾನು "ಟೀಚರ್". ಮಾತು ಮುಗಿದ ಮೇಲೆ ಚಹಾ ಕುಡಿಯುವಾಗ ಕೇಳುವ ಪ್ರಶ್ನೆಗಳು, ಕಾಗದದಲ್ಲಿ ಬರೆದು ಕಳಿಸುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಇರುತ್ತವೆ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಬರೆದಿದ್ದೇನೆ. ನಿಮಗೆ ಬೇಕಾದ ಪ್ರಶ್ನೆಯನ್ನು ಮಾತ್ರ ಓದಿದರೂ ಸಾಕು.

## ಮೊದಲಿಗೆ

"ಟೀಚರ್, ಲಿಂಗ ವೈವಿಧ್ಯ ಅಂದರೂ ಲಿಂಗ ಸಮಾನತೆ ಅಂದರೂ ಒಂದೇ ಅಲ್ವಾ?"

ಅಲ್ಲ. ವೈವಿಧ್ಯ ಅಂದರೆ ತಲೆ ಎಣಿಕೆ: ಎಷ್ಟು ಮಂದಿ ಗಂಡಸರು, ಎಷ್ಟು ಮಂದಿ ಹೆಂಗಸರು, ಬೇರೆ ಲಿಂಗದವರು ಎಷ್ಟು. ಸಮಾನತೆ ಅಂದರೆ ಯಾರಿಗೆ ಎಷ್ಟು ಸಂಬಳ, ಯಾರಿಗೆ ಬಡ್ತಿ, ಯಾರ ಮಾತು ನಡೆಯುತ್ತದೆ ಎಂಬುದು.

ಪೇಟೆಯ ಯಾವುದಾದರೂ ದೊಡ್ಡ ಬಟ್ಟೆ ಅಂಗಡಿಗೆ ಹೋಗಿ ನೋಡಿ. ಸೀರೆ ಬಿಡಿಸಿ ತೋರಿಸುವವರು ಪೂರ್ತಿ ಹೆಂಗಸರು. ಎಣಿಸಿದರೆ ವೈವಿಧ್ಯ ಚೆನ್ನಾಗಿಯೇ ಇದೆ. ಆದರೆ ಹಲವು ವರ್ಷ ಈ ಹೆಂಗಸರಿಗೆ ಬೆಳಗ್ಗಿನಿಂದ ರಾತ್ರಿವರೆಗೆ ಕೂರಲು ಒಂದು ಸ್ಟೂಲು ಇರಲಿಲ್ಲ. ಗೋಡೆಗೆ ಒರಗಿದರೆ ಸಂಬಳ ಕಡಿತ. ಮೂತ್ರಕ್ಕೆ ಹೋಗಲು ಜಾಗ ಇಲ್ಲದೆ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಿದ್ದರು. ಕೋಝಿಕ್ಕೋಡಿನ ಮಿಠಾಯಿ ಬೀದಿಯಲ್ಲಿ ವಿಜಿ ಎಂಬ ದರ್ಜಿ ಹೆಂಗಸು ಮತ್ತು ಅವರ ಜೊತೆಯವರು "ಪೆಣ್‌ಕೂಟ್ಟ್" ಎಂಬ ಹೆಂಗಸರ ಸಂಘ ಕಟ್ಟಿ ಹೋರಾಡಿದರು. 2018ರಲ್ಲಿ ಕೇರಳ ಸರಕಾರ ಕಾನೂನು ತಿದ್ದಿ ಕೂರುವ ಹಕ್ಕು ಕೊಟ್ಟಿತು. 2021ರಲ್ಲಿ ತಮಿಳುನಾಡಿನಲ್ಲೂ ಬಂತು. ಅಂಗಡಿ ತುಂಬ ಹೆಂಗಸರೇ ಇದ್ದರೂ ಕುರ್ಚಿ ತಾನಾಗಿ ಬರಲಿಲ್ಲ. ಕೇಳಿ ಪಡೆಯಬೇಕಾಯಿತು.

ಹಾಗಂತ ಎಣಿಕೆ ಬೇಡ ಅಂತಲ್ಲ. 1977ರಲ್ಲಿ ರೋಸಬೆತ್ ಮಾಸ್ ಕ್ಯಾಂಟರ್ ಎಂಬ ಸಮಾಜಶಾಸ್ತ್ರಜ್ಞೆ ಅಮೆರಿಕದ ಒಂದು ದೊಡ್ಡ ಕಂಪನಿಯನ್ನು ನೋಡಿ ಬರೆದರು. ಗುಂಪಿನಲ್ಲಿ ಹೆಂಗಸರು ಒಬ್ಬರೋ ಇಬ್ಬರೋ ಇದ್ದರೆ ಎಲ್ಲರ ಕಣ್ಣು ಅವರ ಮೇಲೆಯೇ. ಅವರು ಮಾಡಿದ ಒಂದು ತಪ್ಪು "ಹೆಂಗಸರೇ ಹೀಗೆ" ಎಂದಾಗುತ್ತದೆ. ಸಂಖ್ಯೆ ಏರಿದ ಹಾಗೆ ಆ ಒತ್ತಡ ಇಳಿಯುತ್ತದೆ ಎಂದು ಅವರು ತೋರಿಸಿದರು.

"ನಮ್ಮ ಮನೆಯ ಹೆಂಗಸರು ಯಾರೂ ಕೆಲಸಕ್ಕೆ ಹೋಗುವುದಿಲ್ಲ. ಈ ಸಂಶೋಧನೆ ನಮಗೆ ಎಂತಕ್ಕೆ?"

ಈ ಪ್ರಶ್ನೆ ಕೇಳಿದಾಗೆಲ್ಲ ನನಗೆ ಎಣ್ಮಕಜೆ ಕಡೆಯ ಒಂದು ಮನೆ ನೆನಪಾಗುತ್ತದೆ. ಸರ್ವೆ ಫಾರ್ಮು ಹಿಡಿದು ಜಗಲಿಯಲ್ಲಿ ಕೂತಿದ್ದೆ. "ನೀವು ಎಂತ ಕೆಲಸ ಮಾಡುವುದು?" ಅಂತ ಕೇಳಿದೆ. "ಎಂತದೂ ಇಲ್ಲ, ಮನೆಯಲ್ಲೇ" ಅಂದರು ಆಕೆ. ಬಾಗಿಲಲ್ಲಿ ನಿಂತಿದ್ದ ಗಂಡನೂ "ಅವಳಿಗೆ ಕೆಲಸ ಇಲ್ಲ" ಅಂದ. ಆಕೆಯ ಮಡಿಲಲ್ಲಿ ತಡ್ಪೆ (ಮೊರ) ಇತ್ತು. ಅದರಲ್ಲಿ ಕತ್ತರಿಸಿಟ್ಟ ಬೀಡಿ ಎಲೆ, ಒಂದು ಬದಿಗೆ ಹೊಗೆಸೊಪ್ಪು. ನನ್ನ ಜೊತೆ ಮಾತಾಡುತ್ತಲೇ ಎಲೆ ಎತ್ತಿ, ಚಿಟಿಕೆ ಸೊಪ್ಪು ಹಾಕಿ, ಸುತ್ತಿ, ಉಗುರಲ್ಲಿ ತುದಿ ಮಡಚಿ, ನೂಲು ಕಟ್ಟುತ್ತಿದ್ದರು. ಒಮ್ಮೆಯೂ ಕೈ ನೋಡಲಿಲ್ಲ. "ಇವತ್ತು ಎಷ್ಟಾಯಿತು?" ಅಂತ ಕೇಳಿದೆ. "ಮುನ್ನೂರು" ಅಂದರು. ಗಂಟೆ ಹನ್ನೊಂದೂ ಆಗಿರಲಿಲ್ಲ. ಎಲೆ ಕೊಟ್ಟು ಬೀಡಿ ತೆಗೆದುಕೊಳ್ಳುವ ಬ್ರಾಂಚಿನ ಪಾಸ್ ಪುಸ್ತಕ ಅತ್ತೆಯ ಹೆಸರಿನಲ್ಲಿ. ಪಿಎಫ್ ಕೂಡ ಅಲ್ಲಿಗೇ. ಕೆಲಸ ಮಾತ್ರ ಇವರದ್ದು.

ನಮ್ಮ ದೇಶದ ಉದ್ಯೋಗ ಸಮೀಕ್ಷೆಯಲ್ಲಿ 92, 93 ಅಂತ ಎರಡು ಕೋಡ್ ಇವೆ. 92 ಅಂದರೆ ಮನೆಗೆಲಸ ಮಾತ್ರ. 93 ಅಂದರೆ ಮನೆಗೆಲಸದ ಜೊತೆಗೆ ಸೌದೆ ತರುವುದು, ಮನೆಯವರಿಗಾಗಿ ಬಟ್ಟೆ ಹೊಲಿಯುವುದು ಇಂಥದ್ದು. ಈ ಎರಡರಲ್ಲಿ ಒಂದು ಬಿತ್ತೆಂದರೆ ಆ ಹೆಂಗಸು ದುಡಿಯುವವರ ಲೆಕ್ಕದಿಂದ ಹೊರಗೆ. ಬೀಡಿ ಕಟ್ಟುವವರು ನ್ಯಾಯವಾಗಿ ಕೆಲಸಗಾರರ ಲೆಕ್ಕದಲ್ಲಿ ಬರಬೇಕು. ಕೇಳುವವರು ಒಂದು ಪ್ರಶ್ನೆ ಕಡಿಮೆ ಕೇಳಿದರೆ ಬರುವುದಿಲ್ಲ. ಹಾಗಾಗಿ ನಿಮ್ಮ ಮನೆಯಲ್ಲಿ ಯಾರೂ ಕೆಲಸ ಮಾಡುವುದಿಲ್ಲ ಎಂದರೆ, ಇನ್ನೊಮ್ಮೆ ಎಣಿಸಿ ನೋಡಿ ಎಂದು ನಾನು ಹೇಳುತ್ತೇನೆ.

"ಮನೆಗೆಲಸಕ್ಕೂ ಆಫೀಸಿನ ಕೆಲಸಕ್ಕೂ ಎಂತ ಸಂಬಂಧ?"

ಗಡಿಯಾರದ ಸಂಬಂಧ. 2019ರಲ್ಲಿ ಇಡೀ ದೇಶದಲ್ಲಿ ಸಮಯ ಬಳಕೆಯ ಸಮೀಕ್ಷೆ ಮಾಡಿದರು. ದಿನವನ್ನು ಅರ್ಧರ್ಧ ಗಂಟೆಯಾಗಿ ತುಂಡು ಮಾಡಿ, ಯಾರು ಎಂತ ಮಾಡಿದರು ಎಂದು ಬರೆದರು. ಆರು ವರ್ಷಕ್ಕೆ ಮೇಲ್ಪಟ್ಟ ಹೆಂಗಸರಲ್ಲಿ ನೂರಕ್ಕೆ 81 ಮಂದಿ ಸಂಬಳವಿಲ್ಲದ ಮನೆಗೆಲಸ ಮಾಡುತ್ತಾರೆ, ಗಂಡಸರಲ್ಲಿ 26 ಮಂದಿ. ಮಾಡುವವರನ್ನು ಮಾತ್ರ ತೆಗೆದುಕೊಂಡರೂ ಹೆಂಗಸರಿಗೆ ದಿನಕ್ಕೆ 299 ನಿಮಿಷ, ಗಂಡಸರಿಗೆ 97 ನಿಮಿಷ. ಹತ್ತಿರ ಹತ್ತಿರ ಐದು ಗಂಟೆ ಮನೆಯಲ್ಲೇ ಹೋದ ಮೇಲೆ ಉಳಿದ ಹೊತ್ತಿಗೆ ಸರಿಹೊಂದುವ ಕೆಲಸವನ್ನೇ ಹುಡುಕಬೇಕು. ಹೊಲಿಗೆ, ಬೀಡಿ, ಟ್ಯೂಷನ್. ಅಂಥ ಕೆಲಸಕ್ಕೆ ಸಂಬಳ ಕಡಿಮೆ.

"ಒಂದೇ ಕೆಲಸಕ್ಕೆ ಒಂದೇ ಸಂಬಳ ಅಂತ ಕಾನೂನೇ ಇದೆಯಲ್ಲ. ಮತ್ತೆ ಅಂತರ ಎಲ್ಲಿಂದ ಬರ್ತದೆ?"

ಕಾನೂನು ಇದೆ. 1976ರ ಸಮಾನ ವೇತನ ಕಾಯಿದೆ, ಈಗ ಅದನ್ನು 2019ರ ವೇತನ ಸಂಹಿತೆಯೊಳಗೆ ಸೇರಿಸಿದ್ದಾರೆ. 1987ರಲ್ಲಿ ಆಡ್ರಿ ಡಿಕೋಸ್ಟಾ ಎಂಬ ಸ್ಟೆನೋಗ್ರಾಫರ್ ಸುಪ್ರೀಂ ಕೋರ್ಟಿನಲ್ಲಿ ಗೆದ್ದರು. ಗಂಡು ಸ್ಟೆನೋಗ್ರಾಫರುಗಳಿಗೆ ಜಾಸ್ತಿ, "ಲೇಡಿ ಸ್ಟೆನೋಗ್ರಾಫರು"ಗಳಿಗೆ ಕಡಿಮೆ ಎಂದು ಬೇರೆ ಬೇರೆ ಪಟ್ಟಿ ಮಾಡಿದ್ದರು. ಕೆಲಸ ಒಂದೇ, ಹೆಸರು ಬದಲಾಯಿಸಿದರೆ ಆಗುವುದಿಲ್ಲ ಎಂದಿತು ಕೋರ್ಟು.

ಆದರೆ ನಮ್ಮ ತೋಟಗಳಲ್ಲಿ ಕೆಲಸವೇ ಎರಡು. ಅಡಿಕೆ ಮರ ಹತ್ತಿ ಗೊನೆ ತೆಗೆಯುವುದು, ಮದ್ದು ಬಿಡುವುದು ಗಂಡಾಳಿನ ಕೆಲಸ. ಬಿದ್ದ ಅಡಿಕೆ ಹೆಕ್ಕುವುದು, ಹೆಡಿಗೆಯಲ್ಲಿ ಹೊತ್ತು ಅಂಗಳಕ್ಕೆ ತರುವುದು, ಒಣ ಹಾಕುವುದು, ಮಳೆಗಾಲದಲ್ಲಿ ಸೊಪ್ಪು ಹೊರುವುದು ಹೆಣ್ಣಾಳಿನ ಕೆಲಸ. ಮರ ಹತ್ತುವುದು ಅಪಾಯ, ಅದಕ್ಕೆ ಜಾಸ್ತಿ ಸಂಬಳ ಸರಿ. ಆದರೆ ಗಂಡಾಳು ಮರ ಹತ್ತದೆ ಕೆಳಗೆ ಬುಡ ಬಿಡಿಸಿದ ದಿನವೂ ಅವನ ಸಂಬಳ ಹೆಣ್ಣಾಳಿಗಿಂತ ಜಾಸ್ತಿ. ಆಗ ಅದು ಅಪಾಯದ ಬೆಲೆಯಲ್ಲ. ಕೇಳಿದರೆ "ಮೊದಲಿನಿಂದಲೂ ಹಾಗೇ" ಎನ್ನುತ್ತಾರೆ.

ಸಂಬಳದ ಅಂತರವನ್ನು ಅಳೆಯುವವರು ಎರಡು ಲೆಕ್ಕ ಹಾಕುತ್ತಾರೆ. ಮೊದಲನೆಯದು ಒಟ್ಟು ಅಂತರ. ಎಲ್ಲ ಗಂಡಸರ ಸರಾಸರಿ, ಎಲ್ಲ ಹೆಂಗಸರ ಸರಾಸರಿ, ಇವುಗಳ ನಡುವಿನ ವ್ಯತ್ಯಾಸ. ಎರಡನೆಯದು, ಓದು, ಅನುಭವ, ಕೆಲಸದ ಬಗೆ, ಗಂಟೆ ಎಲ್ಲವನ್ನೂ ಸರಿದೂಗಿಸಿದ ಮೇಲೂ ಉಳಿಯುವ ಅಂತರ. ಇದಕ್ಕೆ ಒವಾಹಾಕಾ ಮತ್ತು ಬ್ಲೈಂಡರ್ ಎಂಬವರು 1973ರಲ್ಲಿ ಬೇರೆ ಬೇರೆಯಾಗಿ ತೋರಿಸಿಕೊಟ್ಟ ಲೆಕ್ಕವನ್ನು ಈಗಲೂ ಬಳಸುತ್ತಾರೆ. "ಸರಿದೂಗಿಸಿದರೆ ಅಂತರ ಚಿಕ್ಕದೇ, ತಾರತಮ್ಯ ಇಲ್ಲ" ಎಂದು ಕೆಲವರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಹೆಣ್ಣಾಳಿಗೆ ಹೆಕ್ಕುವ ಕೆಲಸವನ್ನೇ ಕೊಟ್ಟು, ಆಮೇಲೆ "ಹೆಕ್ಕುವ ಕೆಲಸಕ್ಕೆ ಸಂಬಳ ಕಡಿಮೆ, ಅದು ಕೆಲಸದ ಬಗೆಯ ವ್ಯತ್ಯಾಸ" ಎಂದು ಲೆಕ್ಕದಿಂದ ಕಳೆದರೆ, ತಾರತಮ್ಯದ ಒಂದು ಭಾಗವನ್ನೇ ಕಳೆದ ಹಾಗಾಯಿತು.

ಉದ್ಯೋಗ ಖಾತ್ರಿಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ನಮ್ಮವರು "ತೊಳಿಲುರಪ್ಪು" ಅನ್ನುವುದು ಅದನ್ನೇ. ಅಲ್ಲಿ ಗಂಡಿಗೂ ಹೆಣ್ಣಿಗೂ ಒಂದೇ ಸಂಬಳ. ಕೇರಳದಲ್ಲಿ ಆ ಕೆಲಸಕ್ಕೆ ಬರುವ ಹತ್ತು ಮಂದಿಯಲ್ಲಿ ಎಂಟಕ್ಕಿಂತ ಹೆಚ್ಚು ಹೆಂಗಸರು. ಗಂಡಸರಿಗೆ ಹೊರಗೆ ಅದಕ್ಕಿಂತ ಎಷ್ಟೋ ಜಾಸ್ತಿ ಸಿಗುತ್ತದೆ, ಅವರು ಬರುವುದಿಲ್ಲ.

"ಕೇರಳದಲ್ಲಿ ಹುಡುಗಿಯರು ಇಷ್ಟು ಓದುತ್ತಾರೆ. ಇಲ್ಲಿ ಎಂತ ಸಮಸ್ಯೆ?"

ಓದಿನ ಸಮಸ್ಯೆ ಅಲ್ಲ. ಓದಿದ ಮೇಲಿನ ಸಮಸ್ಯೆ. ದೇಶದ ಲೆಕ್ಕ ಹೇಳುತ್ತೇನೆ: 15 ವರ್ಷಕ್ಕೆ ಮೇಲ್ಪಟ್ಟ ಹೆಂಗಸರಲ್ಲಿ ಕೆಲಸದಲ್ಲಿರುವವರು ಮತ್ತು ಕೆಲಸ ಹುಡುಕುವವರು 2017–18ರಲ್ಲಿ ನೂರಕ್ಕೆ 23.3 ಇದ್ದದ್ದು 2023–24ಕ್ಕೆ 41.7 ಆಯಿತು. ಏರಿದ್ದು ಸಂತೋಷ. ಆದರೆ ಇದರಲ್ಲಿ ದೊಡ್ಡ ಪಾಲು ಹಳ್ಳಿಯ ಸ್ವಂತ ಕೆಲಸ, ಮನೆಯವರ ಹೊಲ ಅಂಗಡಿಗಳಲ್ಲಿ ಸಂಬಳವಿಲ್ಲದೆ ದುಡಿಯುವುದು. ತಿಂಗಳ ಸಂಬಳದ ಕೆಲಸ ಹಾಗೆ ಏರಲಿಲ್ಲ. ಕೇರಳದಲ್ಲಿ ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಾ ಕೂತಿರುವ ಹೆಣ್ಣುಮಕ್ಕಳು ತುಂಬ ಜಾಸ್ತಿ.

2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲಾಡಿಯಾ ಗೋಲ್ಡಿನ್ ಅಮೆರಿಕದ ಇನ್ನೂರು ವರ್ಷದ ದಾಖಲೆ ಕೆದಕಿದರು. ಹೆಂಗಸರ ದುಡಿಮೆ ನೇರ ಮೇಲೆ ಹೋಗಲಿಲ್ಲ. ಬೇಸಾಯದ ಕಾಲದಲ್ಲಿ ಜಾಸ್ತಿ ಇತ್ತು, ಕಾರ್ಖಾನೆ ಬಂದಾಗ ಇಳಿಯಿತು, ಆಫೀಸು ಕೆಲಸ ಬಂದ ಮೇಲೆ ಮತ್ತೆ ಏರಿತು. ನೊಗದ ಬಾಗಿನ ಹಾಗೆ, ನಡುವೆ ತಗ್ಗು. ನಾವು ಆ ತಗ್ಗಿನಲ್ಲಿದ್ದೇವೆ ಎಂದು ನನಗನಿಸುತ್ತದೆ. ಗದ್ದೆ ಹೋಯಿತು, ಬೀಡಿ ಕಡಿಮೆಯಾಯಿತು, ಓದಿದವರಿಗೆ ತಕ್ಕ ಕೆಲಸ ಹತ್ತಿರದಲ್ಲಿ ಇಲ್ಲ.

ಈ "ಹತ್ತಿರ" ಅನ್ನುವುದು ದೊಡ್ಡ ಮಾತು. ಮಂಜೇಶ್ವರ, ಉಪ್ಪಳದ ಎಷ್ಟೋ ಹುಡುಗಿಯರಿಗೆ ಕೆಲಸ ಅಂದರೆ ಮಂಗಳೂರು: ಆಸ್ಪತ್ರೆ, ಅಂಗಡಿ, ಆಫೀಸು. 2020ರ ಮಾರ್ಚಿನಲ್ಲಿ ಕೊರೊನಾ ಬಂದು ತಲಪಾಡಿಯಲ್ಲಿ ಕೇರಳ–ಕರ್ನಾಟಕ ಗಡಿ ಮುಚ್ಚಿದಾಗ ಅವರ ಕೆಲಸ ಆಚೆ ಬದಿಯಲ್ಲಿ ಉಳಿಯಿತು, ಅವರು ಈಚೆ ಬದಿಯಲ್ಲಿ ಉಳಿದರು. ಬದಿಯಡ್ಕದಿಂದ ಒಳಗೆ ಹೋಗುವವರಿಗೆ ಸಂಜೆಯ ಕೊನೆಯ ಬಸ್ಸೇ ಗಡಿ. "ಕೆಲಸ ಸಿಕ್ಕಿತ್ತು ಟೀಚರ್, ಎಂಟು ಗಂಟೆಗೆ ಬಿಡುವುದಂತೆ, ಆಮೇಲೆ ಬಸ್ಸಿಲ್ಲ" ಅಂತ ಎಷ್ಟು ಹುಡುಗಿಯರು ಹೇಳಿಲ್ಲ! ದೆಹಲಿಯಲ್ಲಿ ಗಿರಿಜಾ ಬೋರ್ಕರ್ ಮಾಡಿದ ಅಧ್ಯಯನ ಇದನ್ನೇ ತೋರಿಸಿತು. ದಾರಿ ಸುರಕ್ಷಿತ ಇರಲಿ ಎಂದು ಹುಡುಗಿಯರು ಒಳ್ಳೆ ಕಾಲೇಜು ಬಿಟ್ಟು ಅದಕ್ಕಿಂತ ಕೆಳಗಿನ ಕಾಲೇಜು ಆರಿಸಿಕೊಳ್ಳುತ್ತಾರೆ. ಹುಡುಗರು ಅಷ್ಟು ಬಿಟ್ಟುಕೊಡುವುದಿಲ್ಲ.

## ಮಗು, ಬಡ್ತಿ, ದೂರು

"ಮಕ್ಕಳಾದ ಮೇಲೆ ಹೆಂಗಸರಿಗೇ ಕೆಲಸದಲ್ಲಿ ಆಸಕ್ತಿ ಹೋಗ್ತದೆ. ಅದು ತಾರತಮ್ಯ ಹೇಗಾಗ್ತದೆ?"

ಡೆನ್ಮಾರ್ಕಿನಲ್ಲಿ ರಜೆ, ಶಿಶುಪಾಲನೆ ಎಲ್ಲ ಚೆನ್ನಾಗಿದೆ. ಅಲ್ಲಿಯ ಸರಕಾರಿ ದಾಖಲೆಗಳನ್ನು ಹೆನ್ರಿಕ್ ಕ್ಲೆವೆನ್ ಮತ್ತು ಜೊತೆಯವರು ಮಗು ಹುಟ್ಟುವ ಮೊದಲಿನಿಂದ ಹಲವು ವರ್ಷ ಮುಂದಿನವರೆಗೆ ನೋಡಿದರು. ಮಗುವಿಗೆ ಮೊದಲು ಅಪ್ಪ ಅಮ್ಮ ಇಬ್ಬರ ಗಳಿಕೆಯೂ ಒಟ್ಟಿಗೇ ಸಾಗುತ್ತದೆ. ಮಗುವಾದ ಮೇಲೆ ಅಮ್ಮನ ಗಳಿಕೆ ಕುಸಿಯುತ್ತದೆ, ದೀರ್ಘಕಾಲಕ್ಕೂ ಸುಮಾರು ನೂರಕ್ಕೆ 20 ಕೆಳಗೇ ಉಳಿಯುತ್ತದೆ. ಅಪ್ಪನ ಗಳಿಕೆಗೆ ಏನೂ ಆಗುವುದಿಲ್ಲ.

ಇದು ಆಸಕ್ತಿಯೋ ಬೇರೆಯವರ ಊಹೆಯೋ? ಅಮೆರಿಕದಲ್ಲಿ ಶೆಲ್ಲಿ ಕೊರೆಲ್ ಮತ್ತು ಜೊತೆಯವರು 2007ರಲ್ಲಿ ಅದನ್ನೇ ಪರೀಕ್ಷಿಸಿದರು. ಒಂದೇ ಅರ್ಹತೆಯ ಅರ್ಜಿಗಳು. ಕೆಲವಕ್ಕೆ ಮಾತ್ರ, ಮಕ್ಕಳಿದ್ದಾರೆ ಎಂದು ಗೊತ್ತಾಗುವ ಒಂದು ಸಾಲು. ಮಕ್ಕಳಿಲ್ಲದ ಹೆಂಗಸರಿಗೆ ತಾಯಂದಿರಿಗಿಂತ ಎರಡರಷ್ಟು ಕರೆ ಬಂತು. ತಂದೆಯರಿಗೆ ತೊಂದರೆಯೇ ಆಗಲಿಲ್ಲ. ಆ ಕಾಗದದ ತಾಯಿಗೆ ಆಸಕ್ತಿ ಹೋಗಿತ್ತೇ? ಅವಳು ಕಾಗದದಲ್ಲಿ ಮಾತ್ರ ಇದ್ದವಳು.

ನನ್ನದೂ ಒಂದು ಇದೆ. ಮಗು ಹುಟ್ಟಿ ರಜೆ ಮುಗಿಸಿ ನಾನು ಕೆಲಸ ಮಾಡುತ್ತಿದ್ದ ಕಚೇರಿಗೆ ವಾಪಸು ಹೋದೆ. ಹೊರ ಜಿಲ್ಲೆಯ ಸರ್ವೆ ಪ್ರವಾಸಗಳನ್ನೆಲ್ಲ ನನಗಿಂತ ಕಿರಿಯ ಗಂಡಸರಿಗೆ ಹಂಚಿದ್ದರು. "ನಿಮಗೆ ಕಷ್ಟ ಆಗ್ತದೆ ಅಲ್ವಾ, ಅದಕ್ಕೆ" ಅಂದರು. ಪ್ರೀತಿಯಿಂದಲೇ ಹೇಳಿದ್ದು. ಆದರೆ ನನ್ನನ್ನು ಕೇಳಿರಲಿಲ್ಲ. ನಮ್ಮ ಅಮ್ಮ ಮಗುವನ್ನು ನೋಡಿಕೊಳ್ಳಲು ಬಂದು ಕೂತಿದ್ದರು. ಎರಡು ವರ್ಷ ಕಳೆದು ಬಡ್ತಿ ಪಟ್ಟಿ ಮಾಡಿದಾಗ ಪ್ರವಾಸದ ದಿನಗಳನ್ನು ಎಣಿಸಿದರು. ನನ್ನ ಹೆಸರಿನ ಮುಂದೆ ಸೊನ್ನೆ. ಆ ಸೊನ್ನೆಯನ್ನು ಯಾರು ಬರೆದದ್ದು ಎಂದು ಆ ಪಟ್ಟಿಯಲ್ಲಿ ಇರಲಿಲ್ಲ.

ಗೋಲ್ಡಿನ್ ಇದಕ್ಕೆ ಇನ್ನೊಂದು ಕಾರಣ ಹೇಳುತ್ತಾರೆ. ಕೆಲವು ಕೆಲಸಗಳು ಹೊಟ್ಟೆಬಾಕ ಕೆಲಸಗಳು: ಯಾವಾಗ ಕರೆದರೂ ಬರುವವರಿಗೆ ಮಾತ್ರ ತುಂಬ ಸಂಬಳ. ಅದಕ್ಕೆ ವಿರುದ್ಧವಾದದ್ದು ಔಷಧ ಅಂಗಡಿಯ ಕೆಲಸ. ಅಮೆರಿಕದಲ್ಲಿ ಒಬ್ಬ ಫಾರ್ಮಸಿಸ್ಟ್ ಇಲ್ಲದಿದ್ದರೆ ಇನ್ನೊಬ್ಬರು ಅದೇ ಕಂಪ್ಯೂಟರು ನೋಡಿ ಅದೇ ಮದ್ದು ಕೊಡಬಹುದು. ಕಡಿಮೆ ಗಂಟೆ ದುಡಿದರೆ ಗಂಟೆಯ ದರ ಇಳಿಯುವುದಿಲ್ಲ. ಅಲ್ಲಿ ಗಂಡು ಹೆಣ್ಣಿನ ಅಂತರ ಬಹಳ ಕಡಿಮೆ. ನನಗೆ ಇದರಲ್ಲಿ ಭರವಸೆ ಕಾಣುತ್ತದೆ. ಹೆಂಗಸರನ್ನು ತಿದ್ದುವುದು ಬೇಡ, ಕೆಲಸ ಹಂಚುವ ರೀತಿಯನ್ನು ತಿದ್ದಬಹುದು.

"26 ವಾರ ರಜೆ ಕೊಡಬೇಕಾದರೆ ಮಾಲೀಕರು ಹೆಂಗಸರನ್ನು ತೆಗೆದುಕೊಳ್ಳುವುದೇ ಇಲ್ಲ. ಒಳ್ಳೆಯದು ಮಾಡಲು ಹೋಗಿ ಕೆಟ್ಟದಾಯಿತಲ್ಲ?"

ಈ ಹೆದರಿಕೆ ಸುಳ್ಳಲ್ಲ. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ ರಜೆ 26 ವಾರ, 50 ಅಥವಾ ಜಾಸ್ತಿ ಮಂದಿ ಇರುವ ಸಂಸ್ಥೆಯಲ್ಲಿ ಶಿಶುಪಾಲನಾ ಕೇಂದ್ರ. ಆ ರಜೆಯ ಸಂಬಳವನ್ನು ಮಾಲೀಕರೇ ಕೊಡಬೇಕು. ಚಿಕ್ಕ ಅಂಗಡಿ, ಚಿಕ್ಕ ಶಾಲೆಗೆ ಅದು ಭಾರ. ಆದರೆ ರಜೆ ಕಡಿಮೆ ಮಾಡುವುದು ಪರಿಹಾರ ಅಲ್ಲ, ಖರ್ಚು ಹಂಚುವುದು ಪರಿಹಾರ. ಇಎಸ್‌ಐಯಲ್ಲಿ, ಅಂದರೆ ನೌಕರರ ರಾಜ್ಯ ವಿಮೆಯಲ್ಲಿ, ಇರುವವರಿಗೆ ಆ ಹಣವನ್ನು ವಿಮೆಯ ನಿಗಮವೇ ಕೊಡುತ್ತದೆ. ಮಾಲೀಕರ ಜೇಬಿಗೆ ನೇರ ಹೊರೆ ಇಲ್ಲ. ನಿಮ್ಮ ಹೆಸರು ಇಎಸ್‌ಐಯಲ್ಲಿ ಇದೆಯೇ ಎಂದು ಇವತ್ತೇ ನೋಡಿಕೊಳ್ಳಿ.

ಇನ್ನೊಂದು, ಅಪ್ಪಂದಿರ ರಜೆ. ಕೇಂದ್ರ ಸರಕಾರದ ನೌಕರರಿಗೆ 15 ದಿನ ಇದೆ, ಖಾಸಗಿಯವರಿಗೆ ಹಾಗೆ ಕಾನೂನಿಲ್ಲ. ನಾರ್ವೆಯಲ್ಲಿ 1993ರಿಂದ ಅಪ್ಪನಿಗೆ ಮೀಸಲಾದ ರಜೆ ಇದೆ, ಅಪ್ಪ ತೆಗೆದುಕೊಳ್ಳದಿದ್ದರೆ ಅದು ಹೋಯಿತು. ಮಗು ಹುಟ್ಟಿದರೆ ಗಂಡಸೂ ರಜೆ ಹಾಕುತ್ತಾನೆ ಎಂದಾದರೆ ಹೆಂಗಸನ್ನು ಮಾತ್ರ ಬೇಡ ಎನ್ನಲು ಮಾಲೀಕರಿಗೆ ಕಾರಣ ಉಳಿಯುವುದಿಲ್ಲ.

"ಹೆಂಗಸರು ಸಂಬಳ ಜಾಸ್ತಿ ಮಾಡಿ ಅಂತ ಕೇಳುವುದೇ ಇಲ್ಲ. ಕೇಳದೆ ಕೊಡುವವರು ಯಾರು?"

ಕೇಳಿದವರಿಗೆ ಎಂತ ಆಗುತ್ತದೆ ಎಂದೂ ನೋಡಬೇಕು. ಬೌಲ್ಸ್, ಬಾಬ್ಕಾಕ್, ಲಾಯ್ ಎಂಬವರ 2007ರ ಪ್ರಯೋಗಗಳಲ್ಲಿ ಗಂಡು ಹೆಣ್ಣು ಇಬ್ಬರೂ ಒಂದೇ ಮಾತಿನಲ್ಲಿ ಜಾಸ್ತಿ ಸಂಬಳ ಕೇಳಿದರು. ಕೇಳಿದ ಹೆಂಗಸಿನ ಜೊತೆ ಕೆಲಸ ಮಾಡಲು ಮನಸ್ಸಿಲ್ಲ ಎಂದವರು ಜಾಸ್ತಿ. ಗಂಡಸಿಗೆ ಅಷ್ಟು ಪೆಟ್ಟು ಬೀಳಲಿಲ್ಲ. "ಜೋರು" ಎಂಬ ಹೆಸರು ಬರುವುದು ಯಾರಿಗೆ ಎಂದು ನಮಗೆಲ್ಲ ಗೊತ್ತು. ಒಬ್ಬಳೇ ಕೇಳುವುದಕ್ಕಿಂತ ನಾಲ್ಕು ಮಂದಿ ಸೇರಿ ಕೇಳಿ. ಸಂಬಳದ ಪಟ್ಟಿ ಗೋಡೆಗೆ ಅಂಟಿಸಿದ ಕಡೆ ಕೇಳುವ ಅಗತ್ಯವೇ ಕಡಿಮೆ.

"ನಮ್ಮ ಅಂಗಡಿಯಲ್ಲಿ ಆರೇ ಮಂದಿ. ಮಾಲೀಕರೇ ಕಿರುಕುಳ ಕೊಟ್ಟರೆ ಎಲ್ಲಿ ಹೋಗುವುದು?"

ಜಿಲ್ಲೆಯ ಸ್ಥಳೀಯ ಸಮಿತಿಗೆ. ಕೆಲಸದ ಜಾಗದ ಲೈಂಗಿಕ ಕಿರುಕುಳದ ಬಗ್ಗೆ ಸುಪ್ರೀಂ ಕೋರ್ಟು ಕೊಟ್ಟ 1997ರ ವಿಶಾಖಾ ತೀರ್ಪಿನ ಮೇಲೆ ಬಂದ 2013ರ ಕಾನೂನು ಹೇಳುವುದು ಹೀಗೆ: ಹತ್ತು ಮಂದಿ ಅಥವಾ ಜಾಸ್ತಿ ಇರುವ ಕಡೆ ಆಂತರಿಕ ಸಮಿತಿ ಇರಬೇಕು, ಅದರ ಅಧ್ಯಕ್ಷೆ ಹೆಂಗಸೇ ಆಗಿರಬೇಕು, ಹೊರಗಿನ ಒಬ್ಬರು ಇರಬೇಕು. ಹತ್ತಕ್ಕಿಂತ ಕಡಿಮೆ ಇದ್ದರೆ, ಅಥವಾ ದೂರು ಮಾಲೀಕನ ಮೇಲೆಯೇ ಇದ್ದರೆ, ಜಿಲ್ಲಾ ಮಟ್ಟದ ಸಮಿತಿ. ಮನೆಗೆಲಸದವರೂ ಅಲ್ಲಿಗೇ ಹೋಗಬಹುದು. ಮೂರು ತಿಂಗಳೊಳಗೆ ದೂರು ಕೊಡಬೇಕು, ಸರಿಯಾದ ಕಾರಣ ಇದ್ದರೆ ಇನ್ನೂ ಮೂರು ತಿಂಗಳು ಸಿಗುತ್ತದೆ. ಬರೆಯಲು ಆಗದಿದ್ದರೆ ಬರೆಯಲು ಸಹಾಯ ಮಾಡುವುದು ಸಮಿತಿಯ ಕೆಲಸ. ಇದನ್ನು ನೆನಪಿಡಿ. "ನನಗೆ ಮಲಯಾಳ ಬರೆಯಲು ಬರುವುದಿಲ್ಲ" ಎಂದು ಹಿಂದೆ ಬರಬೇಡಿ.

ಸಮಿತಿ ಕಾಗದದಲ್ಲಿ ಇದ್ದರೆ ಸಾಲದು ಎಂಬುದೂ ಗೊತ್ತಿರುವುದೇ. ಮಲಯಾಳ ಸಿನಿಮಾದಲ್ಲಿ ದುಡಿಯುವ ಹೆಂಗಸರ ಕಷ್ಟಗಳ ಬಗ್ಗೆ ಹೇಮಾ ಸಮಿತಿಯನ್ನು ಮಾಡಿದ್ದು 2017ರಲ್ಲಿ, ವರದಿ ಕೊಟ್ಟದ್ದು 2019ರ ಕೊನೆಗೆ, ಅದು ಹೊರಗೆ ಬಂದದ್ದು 2024ರ ಆಗಸ್ಟಿನಲ್ಲಿ. ಅಷ್ಟು ವರ್ಷ ಮಾತಾಡಿದವರ ಮಾತು ಕಪಾಟಿನೊಳಗೆ ಇತ್ತು.

## ಸಂಶೋಧನೆಯ ಒಳಗೆ

"ಮನಸ್ಸಿನ ಒಳಗಿನ ಪಕ್ಷಪಾತ ನಿಮಗೆ ಹೇಗೆ ಕಾಣ್ತದೆ?"

ಎಲ್ಲ ಒಂದೇ ಇಟ್ಟು ಹೆಸರು ಮಾತ್ರ ಬದಲಾಯಿಸಿ ನೋಡುವುದು. 2012ರಲ್ಲಿ ಅಮೆರಿಕದ 127 ವಿಜ್ಞಾನ ಪ್ರಾಧ್ಯಾಪಕರಿಗೆ ಲ್ಯಾಬ್ ಮ್ಯಾನೇಜರ್ ಕೆಲಸದ ಒಂದೇ ಅರ್ಜಿ ಕೊಟ್ಟರು. ಅರ್ಧ ಮಂದಿಗೆ ಜಾನ್, ಅರ್ಧ ಮಂದಿಗೆ ಜೆನ್ನಿಫರ್. ಜಾನ್‌ಗೆ ಕೊಡಬಹುದು ಎಂದ ಸರಾಸರಿ ಸಂಬಳ ವರ್ಷಕ್ಕೆ 30,238 ಡಾಲರ್, ಜೆನ್ನಿಫರ್‌ಗೆ 26,508. ಹೆಂಗಸು ಪ್ರಾಧ್ಯಾಪಕರೂ ಗಂಡಸರ ಹಾಗೆಯೇ ಕಡಿಮೆ ಕೊಟ್ಟರು. ಈ ಮಾತು ಹೇಳಿದಾಗ ಸಭೆಯಲ್ಲಿ ಹೆಂಗಸರು ತಲೆ ಆಡಿಸುತ್ತಾರೆ. ಸೊಸೆಗೆ, ಮಗಳಿಗೆ ಬೇರೆ ಬೇರೆ ಅಳತೆ ಹಿಡಿಯುವುದು ಗಂಡಸರು ಮಾತ್ರ ಅಲ್ಲವಲ್ಲ.

ಪ್ರಸಿದ್ಧವಾದದ್ದೆಲ್ಲ ಗಟ್ಟಿ ಎಂದೂ ತಿಳಿಯಬೇಡಿ. ಅಮೆರಿಕದ ವಾದ್ಯವೃಂದಗಳಲ್ಲಿ ಪರದೆಯ ಹಿಂದೆ ನುಡಿಸಲು ಹೇಳಿದಾಗ ಹೆಂಗಸರು ಜಾಸ್ತಿ ಆಯ್ಕೆಯಾದರು ಎಂದು ಗೋಲ್ಡಿನ್ ಮತ್ತು ಸಿಸಿಲಿಯಾ ರೌಸ್ 2000ದಲ್ಲಿ ಬರೆದರು. ಎಲ್ಲರೂ ಅದನ್ನೇ ಉದಾಹರಣೆ ಕೊಡುತ್ತಾರೆ. ಮೂಲ ಬರಹದ ಅಂಕಿಗಳು ಜನ ಹೇಳುವಷ್ಟು ಖಚಿತವಾಗಿಲ್ಲ ಎಂದು ಆಮೇಲೆ ಓದಿದವರು ತೋರಿಸಿದ್ದಾರೆ. ನಾನೂ ಮೊದಲು ಅದನ್ನು ಜೋರಾಗಿ ಹೇಳುತ್ತಿದ್ದೆ. ಈಗ ಎಚ್ಚರಿಕೆಯಿಂದ ಹೇಳುತ್ತೇನೆ.

"ಹೆಂಗಸರು ಮೇಲಿನ ಸ್ಥಾನದಲ್ಲಿದ್ದರೆ ಕಂಪನಿಗೆ ಲಾಭ ಜಾಸ್ತಿ ಅಂತಾರೆ. ನಿಜವಾ?"

ಹಾಗೆ ಖಂಡಿತ ಹೇಳಲು ಆಗುವುದಿಲ್ಲ. ಮೆಕಿನ್ಸಿ ಎಂಬ ಸಲಹಾ ಕಂಪನಿಯ ವರದಿಗಳಿಂದ ಈ ಮಾತು ಹರಡಿತು. 2024ರಲ್ಲಿ ಗ್ರೀನ್ ಮತ್ತು ಹ್ಯಾಂಡ್ ಎಂಬವರು ಅಮೆರಿಕದ ದೊಡ್ಡ ಕಂಪನಿಗಳ ಅಂಕಿಗಳಲ್ಲಿ, ಜನಾಂಗದ ವೈವಿಧ್ಯದ ಬಗ್ಗೆ ಆ ವರದಿಗಳು ಹೇಳಿದ್ದನ್ನು ಮತ್ತೆ ಪಡೆಯಲು ನೋಡಿದರು. ಸಿಗಲಿಲ್ಲ. ಲಾಭ ಇರುವ ಕಂಪನಿಯೇ ವೈವಿಧ್ಯಕ್ಕೆ ಖರ್ಚು ಮಾಡುತ್ತಿರಲೂಬಹುದು, ಯಾವುದರಿಂದ ಯಾವುದು ಎಂದು ಹೇಳುವುದು ಕಷ್ಟ. ನಾರ್ವೆ ಆಡಳಿತ ಮಂಡಳಿಗಳಲ್ಲಿ ನೂರಕ್ಕೆ 40 ಹೆಂಗಸರು ಬೇಕೆಂದು ಕಡ್ಡಾಯ ಮಾಡಿತು. ಮಂಡಳಿಗೆ ಬಂದ ಹೆಂಗಸರಿಗೆ ಒಳ್ಳೆಯದಾಯಿತು. ಆದರೆ ಕೆಳಗಿನ ಹುದ್ದೆಯ ಹೆಂಗಸರಿಗೆ ಅದರಿಂದ ದೊಡ್ಡ ಬದಲಾವಣೆ ಆಗಲಿಲ್ಲ ಎಂದು ಮರಿಯಾನ್ ಬರ್ಟ್ರಾಂಡ್ ಮತ್ತು ಜೊತೆಯವರು ಕಂಡುಕೊಂಡರು.

ಲಾಭದ ವಾದ ನನಗೆ ಹಿಡಿಸುವುದೂ ಇಲ್ಲ. ನಾಳೆ ಲಾಭ ಬರಲಿಲ್ಲ ಎಂದಾದರೆ ಹೆಂಗಸರು ಮನೆಗೆ ಹೋಗಬೇಕಾ?

"ಪಂಚಾಯತಿನಲ್ಲಿ ಅರ್ಧ ಹೆಂಗಸರು ಬಂದರು. ಹಿಂದೆ ಗಂಡನೇ ನಡೆಸುವುದಲ್ವಾ?"

ಕೆಲವು ಕಡೆ ಹೌದು. ಆದರೂ ವ್ಯತ್ಯಾಸ ಆಗುತ್ತದೆ, ಅಳೆದು ನೋಡಿದ್ದಾರೆ. ಯಾವ ಪಂಚಾಯತಿಗೆ ಹೆಂಗಸು ಎಂದು ಸರದಿಯಲ್ಲಿ ನಿರ್ಧಾರ ಆಗುವುದರಿಂದ ಹೋಲಿಸಲು ಸುಲಭ. ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೋ 2004ರಲ್ಲಿ ಬರೆದರು: ಪಶ್ಚಿಮ ಬಂಗಾಳದಲ್ಲಿ ಹೆಂಗಸರು ನೀರು, ರಸ್ತೆ ಕೇಳುತ್ತಿದ್ದರು, ಹೆಂಗಸು ಮುಖ್ಯಸ್ಥರಿದ್ದ ಕಡೆ ಅವೆರಡಕ್ಕೂ ಜಾಸ್ತಿ ಹಣ ಹೋಯಿತು. ರಾಜಸ್ಥಾನದಲ್ಲಿ ಹೆಂಗಸರಿಗೆ ನೀರು ಮುಖ್ಯ, ಗಂಡಸರಿಗೆ ರಸ್ತೆ. ಅಲ್ಲಿ ನೀರಿಗೆ ಜಾಸ್ತಿ, ರಸ್ತೆಗೆ ಕಡಿಮೆ ಹೋಯಿತು.

2012ರಲ್ಲಿ ಲೋರಿ ಬೀಮನ್ ಮತ್ತು ಜೊತೆಯವರು ಬಂಗಾಳದ 495 ಹಳ್ಳಿಗಳನ್ನು ನೋಡಿ ಬರೆದದ್ದು ನನಗೆ ಅದಕ್ಕಿಂತಲೂ ದೊಡ್ಡದು. ಎರಡು ಅವಧಿ ಹೆಂಗಸೇ ಮುಖ್ಯಸ್ಥರಿದ್ದ ಊರಿನಲ್ಲಿ ಮಗಳು ಏನಾಗಬೇಕು, ಮಗ ಏನಾಗಬೇಕು ಎಂಬ ತಂದೆತಾಯಿಯ ಆಸೆಯ ಅಂತರ ನೂರಕ್ಕೆ 25 ಕಡಿಮೆಯಾಯಿತು. ಹುಡುಗಿಯರು ಮನೆಗೆಲಸಕ್ಕೆ ಕೊಡುವ ಹೊತ್ತೂ ಇಳಿಯಿತು. ಕೇರಳದಲ್ಲಿ 2010ರ ಚುನಾವಣೆಯಿಂದ ಅರ್ಧ ಮೀಸಲಾತಿ. ಆಗ ಅಂಗನವಾಡಿಗೆ ಹೋಗುತ್ತಿದ್ದ ಹುಡುಗಿಯರು ಈಗ ಡಿಗ್ರಿಯಲ್ಲಿದ್ದಾರೆ.

"ಆಫೀಸಿನಲ್ಲಿ ಒಂದು ದಿನ ತರಬೇತಿ ಕೊಟ್ಟರೆ ಸರಿ ಹೋಗ್ತದಾ?"

ಒಂದೇ ದಿನದ ಕಡ್ಡಾಯ ತರಬೇತಿಯಿಂದ ಹೆಚ್ಚೇನೂ ಆಗುವುದಿಲ್ಲ. ಫ್ರಾಂಕ್ ಡಾಬಿನ್, ಅಲೆಕ್ಸಾಂಡ್ರಾ ಕಾಲೆವ್ ನೂರಾರು ಕಂಪನಿಗಳನ್ನು ಹಲವು ವರ್ಷ ನೋಡಿ ಹೇಳಿದ್ದು ಅದನ್ನೇ. ಒತ್ತಾಯ ಮಾಡಿದರೆ ಕೆಲವರು ಇನ್ನೂ ಬಿಗಿಯಾಗುತ್ತಾರೆ. ಯಾರಾದರೂ ಒಬ್ಬರಿಗೆ ಅದರ ಜವಾಬ್ದಾರಿ ಕೊಟ್ಟಲ್ಲಿ, ಹಿರಿಯರು ಕಿರಿಯರನ್ನು ಕೈ ಹಿಡಿದು ನಡೆಸುವ ವ್ಯವಸ್ಥೆ ಇದ್ದಲ್ಲಿ ಸಂಖ್ಯೆ ಬದಲಾಯಿತು.

"ನಾನು ಹೆಣ್ಣು, ಕನ್ನಡದವಳು. ಯಾವುದರಿಂದ ನನಗೆ ಕೆಲಸ ತಪ್ಪಿದ್ದು ಎಂದು ಹೇಗೆ ಹೇಳುವುದು?"

ಎರಡನ್ನೂ ಬೇರೆ ಮಾಡಲು ಆಗದೆ ಇರಬಹುದು. ಅಮೆರಿಕದಲ್ಲಿ ಐದು ಮಂದಿ ಕಪ್ಪು ಹೆಂಗಸರು ಜನರಲ್ ಮೋಟಾರ್ಸ್ ಮೇಲೆ ಕೇಸು ಹಾಕಿದ್ದರು. ಕೋರ್ಟು 1976ರಲ್ಲಿ ಒಪ್ಪಲಿಲ್ಲ. ಕಂಪನಿಯಲ್ಲಿ ಹೆಂಗಸರಿದ್ದರು, ಆದರೆ ಅವರು ಆಫೀಸಿನ ಬಿಳಿಯರು. ಕಪ್ಪು ಜನರಿದ್ದರು, ಆದರೆ ಅವರು ಕಾರ್ಖಾನೆಯ ಗಂಡಸರು. ಕಪ್ಪು ಹೆಂಗಸು ಎರಡರ ನಡುವೆ ಬಿದ್ದುಹೋದಳು. ಈ ಕೇಸನ್ನು ಎತ್ತಿಕೊಂಡು 1989ರಲ್ಲಿ ಕಿಂಬರ್ಲೆ ಕ್ರೆನ್‌ಶಾ ಬರೆದ ಲೇಖನದಿಂದ, ಎರಡು ತಾರತಮ್ಯಗಳು ಒಬ್ಬಳ ಮೇಲೆ ಒಟ್ಟಿಗೆ ಬೀಳುತ್ತವೆ ಎಂಬ ಇಡೀ ಚಿಂತನೆ ಬೆಳೆಯಿತು.

ನಮ್ಮಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ ಮಂಗಳೂರಿಗೋ ಬೆಂಗಳೂರಿಗೋ ಹೋಗುತ್ತಾನೆ. ಅವನ ಅಕ್ಕನನ್ನು ದೂರ ಕಳಿಸುವುದಿಲ್ಲ, ಹತ್ತಿರದ ಕೆಲಸಕ್ಕೆ ಮಲಯಾಳ ಬೇಕು. ಕನ್ನಡದವರ ಲೆಕ್ಕದಲ್ಲಿ ತಮ್ಮ ಕಾಣುತ್ತಾನೆ, ಕೇರಳದ ಹೆಂಗಸರ ಲೆಕ್ಕದಲ್ಲಿ ಮಲಯಾಳದವರು ಕಾಣುತ್ತಾರೆ. ಅಕ್ಕ ಎರಡರಲ್ಲೂ ಕಾಣುವುದಿಲ್ಲ. ದಲಿತ, ಕೊರಗ ಬುಡಕಟ್ಟಿನ ಹೆಂಗಸರ ವಿಷಯದಲ್ಲಿ ಇದು ಇನ್ನೂ ಒಂದು ಸುತ್ತು ಬಿಗಿ.

"ಲಿಂಗ ಅಂದರೆ ಗಂಡು ಹೆಣ್ಣು ಮಾತ್ರವಾ?"

ಅಲ್ಲ. ಸುಪ್ರೀಂ ಕೋರ್ಟಿನ 2014ರ ನಾಲ್ಸಾ ತೀರ್ಪು ಮೂರನೆಯ ಲಿಂಗವನ್ನು ಒಪ್ಪಿತು. 2015ರಲ್ಲಿ ಕೇರಳ ಲಿಂಗಪರಿವರ್ತಿತರಿಗಾಗಿ ನೀತಿ ಮಾಡಿದ ಮೊದಲ ರಾಜ್ಯವಾಯಿತು. 2017ರಲ್ಲಿ ಕೊಚ್ಚಿ ಮೆಟ್ರೋ ಅವರಿಗೆ ಕೆಲಸ ಕೊಟ್ಟಿತು. ಕೆಲವರು ಬೇಗನೇ ಬಿಟ್ಟರು. ಕೆಲಸ ಇತ್ತು, ಬಾಡಿಗೆಗೆ ಕೋಣೆ ಕೊಡುವವರು ಇರಲಿಲ್ಲ. ಕೆಲಸದ ಜಾಗದ ಅಸಮಾನತೆ ಅಲ್ಲೇ ಶುರುವಾಗಿ ಅಲ್ಲೇ ಮುಗಿಯುವುದಿಲ್ಲ.

"ನಮ್ಮ ಊರಿನಲ್ಲೇ ಇಂಥ ಅಧ್ಯಯನ ಮಾಡಬೇಕು ಅಂತಿದ್ದೇವೆ. ಎಲ್ಲಿಂದ ಶುರು ಮಾಡುವುದು?"

ಒಂದು ವಾರ್ಡಿನಿಂದ. ಚಿಕ್ಕದಾಗಿ, ಸರಿಯಾಗಿ ಮಾಡಿ. ಪ್ರಶ್ನೆಯನ್ನು ಹೆಂಗಸನ್ನೇ ಕೇಳಿ, ಅವಳ ಪರವಾಗಿ ಗಂಡನೋ ಮಾವನೋ ಹೇಳಿದ್ದನ್ನು ಬರೆಯಬೇಡಿ. ಜಗಲಿಯಲ್ಲಿ ಗಂಡಸರು ಕೂತಿದ್ದರೆ ಹಿಂದಿನ ಬಾಗಿಲಿನ ಕಡೆ ಹೋಗಿ. ಕೆಲಸ ಮಾಡುತ್ತಿರುವವಳನ್ನು ಎಬ್ಬಿಸಬೇಡಿ, ನೀವೇ ಅವಳ ಪಕ್ಕ ಕೂತುಕೊಳ್ಳಿ. ಸಂಬಳವನ್ನು ದಿನದ ಲೆಕ್ಕದಲ್ಲಿ ಮಾತ್ರ ಬರೆಯದೆ, ಎಷ್ಟು ಗಂಟೆ, ಯಾವ ಕೆಲಸ, ಹಣ ಯಾರ ಕೈಗೆ ಬಂತು ಎಂದೂ ಬರೆಯಿರಿ. ಮಧ್ಯಪ್ರದೇಶದಲ್ಲಿ ಉದ್ಯೋಗ ಖಾತ್ರಿಯ ಹಣವನ್ನು ನೇರ ಹೆಂಗಸಿನ ಖಾತೆಗೆ ಹಾಕಿ, ಖಾತೆ ಬಳಸಲು ಕಲಿಸಿದಾಗ ಅವರು ದುಡಿಯಲು ಬರುವುದೇ ಜಾಸ್ತಿಯಾಯಿತು. ಯಾರ ಕೈಗೆ ಎಂಬುದು ಸಣ್ಣ ಪ್ರಶ್ನೆ ಅಲ್ಲ.

ಅಡಿಕೆ ಕೊಯ್ಲಿನ ಸಮಯದಲ್ಲಿ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ, ಹೀಗೆ ಎರಡು ಸಲ ಹೋಗಿ. ಎರಡು ಲೆಕ್ಕವೂ ಬೇರೆ ಬರುತ್ತದೆ.

ಭಾಷೆಯ ವಿಷಯದಲ್ಲಿ ಜಾಗ್ರತೆ. ಫಾರ್ಮು ಕನ್ನಡದಲ್ಲಿ, ಮಲಯಾಳದಲ್ಲಿ ಎರಡರಲ್ಲೂ ಇರಲಿ. ಮಾತು ಅವರ ಮನೆಯ ಭಾಷೆಯಲ್ಲಿ ಇರಲಿ, ತುಳುವೋ ಬ್ಯಾರಿಯೋ ಕೊಂಕಣಿಯೋ ಮರಾಠಿಯೋ. ತುಳುವಿನಲ್ಲಿ "ಬೇಲೆ ಉಂಡಾ?" (ಕೆಲಸ ಇದೆಯಾ) ಅಂತ ಕೇಳಿದರೆ "ಇಜ್ಜಿ" (ಇಲ್ಲ) ಅಂತಾರೆ, ಅಲ್ಲಿಗೆ ಮುಗಿಯಿತು. "ಕಾಂಡೆಡ್ದ್ ಈರ್ ದಾದ ಮಲ್ತರ್?" ಅಂತ ಕೇಳಿ. ಬೆಳಗ್ಗಿನಿಂದ ನೀವು ಎಂತ ಮಾಡಿದಿರಿ ಅಂತ. ಆಮೇಲೆ ಸುಮ್ನೆ ಬರೆಯುತ್ತಾ ಹೋಗಿ. ಹಾಲು ಕರೆದದ್ದು, ಸೊಸೈಟಿಗೆ ಕೊಟ್ಟದ್ದು, ಮಗುವನ್ನು ಅಂಗನವಾಡಿಗೆ ಬಿಟ್ಟದ್ದು, ತೋಟಕ್ಕೆ ನೀರು ಬಿಟ್ಟದ್ದು, ಇನ್ನೂರು ಬೀಡಿ. ಫಾರ್ಮಿನಲ್ಲಿ ಒಂದೇ ಗೆರೆ ಕೊಟ್ಟಿರುತ್ತಾರೆ. ಹಾಗಾಗಿ ಬೇರೆ ಹಾಳೆ ಕೂಡ ತೆಗೆದುಕೊಂಡು ಹೋಗಿ.